ಒಂದು ಸೇರು ಬೆಲ್ಲ ಮತ್ತು ನನ್ನ ವಯಸ್ಸು

ನಡೆದದ್ದು ಇಷ್ಟೇ: ಬೆಲ್ಲದ ಬೆಲೆಯನ್ನು ತಪ್ಪು ಹೇಳಿ ನನ್ನ ಮದುವೆಯನ್ನು ನಾನೇ ಕೆಡಿಸಿಕೊಳ್ಳಲು ಹೊರಟಿದ್ದೆ. ಎಷ್ಟೋ ವರ್ಷ ಅಪ್ಪನದು ತಪ್ಪು, ಸೋದರಮಾವನದು ತಪ್ಪು, ಬೆಲ್ಲದಂಗಡಿ ಶೆಟ್ಟರದು ತಪ್ಪು ಅಂತ ಹೇಳಿಕೊಂಡು ತಿರುಗಿದೆ. ಈಗ ಅವರೆಲ್ಲ ಹೋಗಿಬಿಟ್ಟರು. ಸತ್ತವರ ಮೇಲೆ ಹೊರಿಸಿದರೆ ಕೇಳುವವರೂ ಇಲ್ಲ, ಜಗಳಕ್ಕೆ ಬರುವವರೂ ಇಲ್ಲ, ಮಜವೂ ಇಲ್ಲ. ತಪ್ಪು ನನ್ನದೇ!

ಇದನ್ನು ಈಗ ಬರೆಯಲು ಕಾರಣ ನನ್ನ ಮೊಮ್ಮಗಳು. ಅವಳ ಶಾಲೆಯಲ್ಲಿ ಒಂದು ಕೆಲಸ ಕೊಟ್ಟಿದ್ದಾರೆ. ‘ನಿಮ್ಮ ಅಜ್ಜಿ ಅಥವಾ ತಾತ ಹುಟ್ಟಿದ ವರ್ಷದಲ್ಲಿ ದಿನಬಳಕೆಯ ಸಾಮಾನುಗಳ ಬೆಲೆ ಎಷ್ಟಿತ್ತು? ವಿಚಾರಿಸಿ ಬರೆಯಿರಿ.’ ಅವಳು ಪುಸ್ತಕ ತೆರೆದು, ಗೆರೆ ಎಳೆದು, ನನ್ನ ಮುಂದೆ ಕುಳಿತಳು.

“ಅಜ್ಜಿ, ನೀನು ಹುಟ್ಟಿದ ವರ್ಷ ಬೆಲ್ಲ ಎಷ್ಟಿತ್ತು?”

“ಬೇರೆ ಏನಾದರೂ ಕೇಳು.”

“ಯಾಕಜ್ಜಿ? ಗೊತ್ತಿಲ್ವಾ?”

“ಗೊತ್ತಿತ್ತು. ಅದೇ ಆಗಿದ್ದು ಎಡವಟ್ಟು.”

ಈ ವಿಚಾರಣೆ ನನಗೆ ಹೊಸದಲ್ಲ. ನಾನು ಹುಟ್ಟಿದ ವರ್ಷದ ಬೆಲೆ ಎಷ್ಟಿತ್ತು ಅಂತ ಬಂಗಾರಪೇಟೆಯ ಪೇಟೆ ಬೀದಿಯಲ್ಲಿ ಒಂದು ಇಡೀ ಮಧ್ಯಾಹ್ನ ವಿಚಾರಣೆ ಆಗಿದೆ. ನಯಾಪೈಸೆ ಬಂದು ಒಂಬತ್ತು ವರ್ಷವಾಗಿದ್ದ ಕಾಲ ಅದು. ಆವತ್ತು ಊಟದ ಹೊತ್ತಿನಿಂದ ಸಾಯಂಕಾಲದ ರೈಲಿನ ಹೊತ್ತಿಗೆ ನನಗೆ ಒಂಬತ್ತು ವರ್ಷ ಆಗಿತ್ತು, ಇಪ್ಪತ್ತೆಂಟು ಆಗಿತ್ತು, ನಲವತ್ತೂ ಆಗಿತ್ತು. ಅಷ್ಟು ಬೇಗ ಯಾರೂ ಮುದುಕಿಯಾಗಿಲ್ಲ!

ಆಗ ನಮ್ಮ ಮನೆ ಇದ್ದದ್ದು ಬಂಗಾರಪೇಟೆ ಸ್ಟೇಷನ್ನಿನ ಹಿಂದಿನ ಕೇರಿಯಲ್ಲಿ. ಅಪ್ಪ ಮಂಡಿಯಲ್ಲಿ ಮೂಟೆ ಹೊರುತ್ತಿದ್ದ. ನಾನು ನಾಲ್ಕನೇ ಕ್ಲಾಸು ಓದಿದ್ದೆ. ನಮ್ಮ ಕೇರಿಯ ಹೆಣ್ಣುಮಕ್ಕಳಲ್ಲಿ ಅದೇ ದೊಡ್ಡ ಓದು, ಹಾಗಾಗಿ ನನ್ನ ತಲೆ ಸ್ವಲ್ಪ ಮೇಲಕ್ಕೇ ಇತ್ತು. ಕೆಲಸ ಮಾತ್ರ ನೀರು ಸೇದುವುದು. ಕೇರಿಯ ಬಾವಿ ಎಷ್ಟು ಆಳವೆಂದರೆ ಕೊಡ ಕೆಳಗೆ ತಲುಪುವ ಹೊತ್ತಿಗೆ ನಾವು ಯಾಕೆ ಬಂದೆವು ಅನ್ನುವುದೇ ಮರೆತುಹೋಗುತ್ತಿತ್ತು. ದಿನಕ್ಕೆ ಹದಿನಾಲ್ಕು ಕೊಡ. ಅಂಗೈ ನೋಡಿದರೆ ಕುದುರೆ ಲಾಳ ಇದ್ದ ಹಾಗಿತ್ತು.

ಹೀಗಿರುವಾಗ ನನ್ನ ಸೋದರಮಾವ ಪಾಪಣ್ಣ ಒಂದು ಸಂಬಂಧ ತಂದ. ಅವನು ಸ್ಟೇಷನ್ನಿನಲ್ಲಿ ಪೋರ್ಟರು. ಮಾರಿಕುಪ್ಪಂ ರೈಲಿನಲ್ಲಿ ಹೋಗಿ ಬರುವವರ ಗಂಟುಮೂಟೆಯ ಜೊತೆಗೆ ಅವರ ಮನೆಯ ಸುದ್ದಿಯನ್ನೂ ಇಳಿಸಿಕೊಳ್ಳುತ್ತಿದ್ದ.

“ಗಂಡು ಚಾಂಪಿಯನ್ ರೀಫ್ಸಿನಾಗೆ ಅವ್ನೆ. ಚಿನ್ನದ ಗಣಿ ಕೆಲ್ಸ. ಅಪ್ಪ ಅಮ್ಮ ಇಲ್ಲ, ಅಜ್ಜಿ ಸಾಕವ್ಳೆ. ಕಂಪನಿ ಮನೆ, ಕಂಪನಿ ಲೈಟು, ಕೊಳಾಯಿ ನೀರು!” ಅಂದ.

ಗಣಿ ಕೆಲಸ ಅಂದಾಗ ಅಪ್ಪನ ಮುಖ ಅರಳಿತು. ಲೈಟು ಅಂದಾಗ ಅಮ್ಮನ ಮುಖ ಅರಳಿತು. ಕೊಳಾಯಿ ಅಂದಾಗ ನಾನು ಅಡುಗೆಮನೆಯಿಂದ ಈಚೆಗೆ ಬಂದುಬಿಟ್ಟೆ!

“ಕೊಳಾಯಿ ಅಂದ್ರೆ, ತಿರುಗಿಸಿದ್ರೆ ನೀರು ಬತ್ತದಲ್ಲ, ಅದಾ ಮಾವ?”

“ಅದೇ ಕಣವ್ವ ರತ್ನಿ. ಬೇತಮಂಗಲದ ಕೆರೆಯಿಂದ ಕೊಳವೆಯಾಗೆ ಸೀದಾ ಬತ್ತದೆ.”

ಗಂಡಿನ ಮೂಗು ಹೇಗೆ, ಬಣ್ಣ ಹೇಗೆ ಅಂತ ನಾನು ಕೇಳಲಿಲ್ಲ. ಬೇತಮಂಗಲದಿಂದ ಅಷ್ಟು ದೂರ ನೀರೇ ನಡೆದುಕೊಂಡು ನನ್ನ ಅಡುಗೆಮನೆಗೆ ಬರುವಾಗ ಮೂಗು ಕಟ್ಟಿಕೊಂಡು ಏನು? ನಾನು ಮನಸ್ಸಿನಲ್ಲೇ ಕೊಳಾಯಿಗೆ ತಾಳಿ ಕಟ್ಟಿಸಿಕೊಂಡೆ.

ಅಷ್ಟಕ್ಕೇ ನಿಲ್ಲಿಸಿದ್ದರೆ ಚೆನ್ನಾಗಿತ್ತು. ಅವರು ಹೆಣ್ಣು ನೋಡಲು ಬರುವ ದಿನ ಬೆಳಿಗ್ಗೆ ಬಾವಿಗೆ ಹೋದೆ, ಹದಿನಾಲ್ಕು ಕೊಡ ಸೇದಿದೆ, ಕೇರಿಯ ಹೆಂಗಸರೆಲ್ಲ ನಿಂತಿದ್ದಾಗ ಹಗ್ಗ ಸುತ್ತಿ ಪಕ್ಕದ ಮನೆ ನರಸಮ್ಮನ ಕೈಗಿಟ್ಟೆ.

“ಇಟ್ಕೊ ಅಕ್ಕ. ಇನ್ನು ನನಗೆ ಬ್ಯಾಡ.”

“ಯಾಕೆ, ಬಾವಿಗೆ ಬೀಳ್ತಿಯೇನೇ?” ಅಂದಳು ನರಸಮ್ಮ.

“ಕೊಳಾಯಿ ಇರೋ ಮನೆಗೆ ಓಗ್ತೀನಿ.”

ಗಂಡು ಇನ್ನೂ ರೈಲು ಹತ್ತಿರಲಿಲ್ಲ. ನಾನು ಹಗ್ಗ ದಾನ ಮಾಡಿಯಾಗಿತ್ತು!

ಇನ್ನು ಬೆಲ್ಲದ ವಿಚಾರ. ನಮ್ಮಂಥ ಮನೆಗಳಲ್ಲಿ ಜಾತಕ ಇಲ್ಲ, ಹುಟ್ಟಿದ ತಾರೀಖು ಇಲ್ಲ. ಬಾಣಂತಿಗೆ ಖಾರ ಕುಟ್ಟಲು ಬೆಲ್ಲ ಬೇಕು. ಆವತ್ತು ಬೆಲ್ಲ ತಂದ ಬೆಲೆ ಯಾವುದೋ ಅದೇ ಮಗುವಿನ ಜಾತಕ. ನನ್ನ ತಮ್ಮ ಮೂರಾಣೆ ಬೆಲ್ಲದಲ್ಲಿ ಹುಟ್ಟಿದವನು. ನಾನು ಸೇರಿಗೆ ಎರಡಾಣೆ ಇದ್ದಾಗ ಹುಟ್ಟಿದವಳು. ಅಮ್ಮ ಅದನ್ನು ಎಷ್ಟು ಸಲ ಹೇಳಿದ್ದಳೆಂದರೆ, ‘ಎರಡಾಣೆ’ ಅಂತ ಕೂಗಿದರೆ ನಾನು ‘ಆಂ?’ ಅನ್ನುತ್ತಿದ್ದೆ.

ಗಂಡಿನ ಕಡೆಯೂ ಇದೇ ಲೆಕ್ಕ. ಅದನ್ನು ಪತ್ತೆ ಮಾಡಿಕೊಂಡು ಬಂದ ಪಾಪಣ್ಣಮಾವ ಮುಖ ಹುಳ್ಳಗೆ ಮಾಡಿಕೊಂಡು ಕುಳಿತ.

“ಎಡವಟ್ಟಾಯ್ತು ಅಕ್ಕಯ್ಯ. ಆ ಉಡ್ಗ ಉಟ್ಟಿದಾಗ್ಲೂ ಬೆಲ್ಲ ಎರಡಾಣೆಯಂತೆ. ಕಂಪನಿ ಪುಸ್ತಕದಾಗೆ ಅವನಿಗೆ ಇಪ್ಪತ್ಮೂರು ಅಂತ ಬರೆದವ್ರೆ. ಅಂಗಾದ್ರೆ ಇವಳ್ಗೂ ಇಪ್ಪತ್ಮೂರಾಯ್ತು! ಆ ಮುದುಕಿ, ಎಣ್ಣು ಐದು ವರ್ಷನಾದ್ರೂ ಚಿಕ್ಕೋಳಾಗಿರ್ಬೇಕು ಅಂತ ಕುಂತವ್ಳೆ.”

“ಈಗೇನು ಮಾಡೋದ್ಲಾ?” ಅಮ್ಮ ಕೇಳಿದಳು.

“ಬೆಲೆ ಏರಿಸಿ! ಬೆಲೆ ಏರಿದ್ರೆ ವಯಸ್ಸು ಇಳೀತದೆ. ನಾಲ್ಕಾಣೆ ಅನ್ರಿ. ಅದಿನೆಂಟಕ್ಕೆ ಬಂದು ನಿಂತ್ಕೊತಾಳೆ.”

ಅಮ್ಮ ಒಪ್ಪಲಿಲ್ಲ. ಸುಳ್ಳು ಹೇಳಬಾರದು ಅಂತಲ್ಲ. “ಸೇರಿಗೆ ನಾಲ್ಕಾಣೆ ಕೊಟ್ಟವ್ನೆ ಅಂದ್ರೆ ನನ್ನ ಗಂಡನ್ನ ಪೆದ್ದ ಅಂತಾರೆ. ನನ್ನ ಬಾಯಾಗೆ ಆ ಮಾತು ಬರಾಕಿಲ್ಲ” ಅಂದಳು. ಅಪ್ಪ ಯಾಕೋ ನೆಲ ನೋಡುತ್ತಿದ್ದ. ಯಾಕೆ ಅನ್ನುವುದು ಆಮೇಲೆ ಗೊತ್ತಾಯಿತು.

“ನಾನೇ ಏಳ್ತೀನಿ ಬಿಡಿ” ಅಂದೆ. ಒಂದು ಬೆಲೆ ಹೇಳುವುದಕ್ಕೆ ಇಷ್ಟು ಜನ ಯಾಕೆ? ನಾಲ್ಕನೇ ಕ್ಲಾಸು ಓದಿದವಳು ನಾನಿಲ್ಲವೇ?

ಮಧ್ಯಾಹ್ನದ ರೈಲಿಗೆ ಅವರು ಬಂದರು. ಇಬ್ಬರೇ. ಅಜ್ಜಿಯ ಹೆಸರು ಯಲ್ಲಮ್ಮ. ಕಡ್ಡಿಯ ಹಾಗೆ ಇದ್ದಳು, ಆದರೆ ಸೇದು ಹಗ್ಗದಷ್ಟು ಗಟ್ಟಿ. ಗಣಿಯ ಸಾಲುಮನೆಗಳಲ್ಲಿ ಹುಟ್ಟಿ ಬೆಳೆದವಳಾದ್ದರಿಂದ ಮಾತಾಡುವುದು ಕನ್ನಡದಲ್ಲಿ, ಲೆಕ್ಕ ಹಾಕುವುದು ತೆಲುಗಿನಲ್ಲಿ, ಬೈಯುವುದು ತಮಿಳಿನಲ್ಲಿ. ಮೊಮ್ಮಗ ಅವಳ ಹಿಂದೆ ಕುಳಿತ. ಹೆಸರು ಆಂಜನಪ್ಪ. ಗಂಡನ ಹೆಸರು ಹೇಳಬಾರದು ಅಂತಾರೆ. ಇಷ್ಟು ವರ್ಷ ಬಟ್ಟೆ ಒಗೆದಿದ್ದೇನೆ, ಹೆಸರು ಹೇಳಿದರೆ ಏನಾಗುತ್ತೆ? ಅವರು ಆವತ್ತು ಬಂದಾಗಿನಿಂದ ಆಡಿದ್ದು ಒಂದೇ ಮಾತು: “ಅಜ್ಜಿ, ಆರು ಗಂಟೆ ರೈಲು ತಪ್ಪಿದ್ರೆ ರಾತ್ರಿ ಶಿಫ್ಟು ಓಯ್ತದೆ.”

ಕಡಲೆಪುರಿ ಒಗ್ಗರಣೆ ಕೊಟ್ಟೆವು. ಬೆಲ್ಲದ ಕಾಫಿ ಕೊಟ್ಟೆವು. ಅಜ್ಜಿ ಒಂದು ಗುಟುಕು ಕುಡಿದು, ಬಾಯಿ ಚಪ್ಪರಿಸಿ ಕೇಳಿದಳು.

“ಬೆಲ್ಲ ಚೆಂದಾಗದೆ. ಅಂದಂಗೆ ಈ ಎಣ್ಣು ಉಟ್ಟಿದಾಗ ಬೆಲ್ಲ ಏನು ಬೆಲೆ ಇತ್ತಮ್ಮಾ?”

ಪಾಪಣ್ಣಮಾವ ನನ್ನ ಕಡೆ ನೋಡಿ ನಾಲ್ಕು ಬೆರಳು ತೋರಿಸಿದ. ನನಗೆ ಬೆರಳು ಬೇಕಿರಲಿಲ್ಲ, ಪಾಠ ಬಾಯಿಗೇ ಬಂದಿತ್ತು. ಆದರೆ ಆ ಕ್ಷಣದಲ್ಲಿ ನನ್ನ ಓದು ಒಳಗಿನಿಂದ ತಿವಿಯಿತು. ಬರೀ ನಾಲ್ಕಾಣೆ ಅಂದರೆ ಓದಿದವಳಿಗೂ ಓದದವಳಿಗೂ ಏನು ವ್ಯತ್ಯಾಸ? ಶಾಲೆಯಲ್ಲಿ ಮೇಷ್ಟ್ರು ಕೈಗೆ ಹೊಡೆದು ಕಲಿಸಿದ್ದರು: ಆಣೆ ಹೋಯಿತು, ಇನ್ನು ಮೇಲೆ ಎಲ್ಲವನ್ನೂ ಹೊಸ ಲೆಕ್ಕದಲ್ಲೇ ಹೇಳಬೇಕು.

ನಾನು ಸೆರಗು ಸರಿ ಮಾಡಿಕೊಂಡು, ಗಂಟಲು ಸರಿ ಮಾಡಿಕೊಂಡು, ಸ್ಪಷ್ಟವಾಗಿ ಹೇಳಿದೆ.

“ಸೇರಿಗೆ ಇಪ್ಪತ್ತೈದು ನಯಾಪೈಸೆ!”

ಲೆಕ್ಕ ಸರಿಯಾಗಿತ್ತು. ನಾಲ್ಕಾಣೆಗೆ ಇಪ್ಪತ್ತೈದು ನಯಾಪೈಸೆಯೇ. ಮೇಷ್ಟ್ರಿದ್ದಿದ್ದರೆ ಭೇಷ್ ಅನ್ನುತ್ತಿದ್ದರು.

ಯಲ್ಲಮ್ಮಜ್ಜಿ ಲೋಟ ಕೆಳಗಿಟ್ಟಳು.

“ನಯಾಪೈಸೆಯಾ?”

“ಊಂ.”

“ನೀನು ಉಟ್ಟಿದಾಗ ನಯಾಪೈಸೆ ಇತ್ತಾ?”

“ಊಂ” ಅಂದೆ. ಅಷ್ಟರಲ್ಲಿ ಪಾಪಣ್ಣಮಾವ ತಲೆ ಮೇಲೆ ಕೈಹೊತ್ತು ಕುಳಿತಿದ್ದ.

“ದೇವುಡಾ! ನಯಾಪೈಸೆ ಬಂದ ಮೊದಲ ಸಂಬಳ ಎಣ್ಸೋಕೆ ನಮ್ಮ ಯಜಮಾನನಿಗೆ ಒಂದು ಪೂರ್ತಿ ದಿನ ಇಡಿದಿತ್ತು. ಅದಾಗಿ ಒಂಬತ್ತು ವರ್ಷ. ಅಂದ್ರೆ ಇವಳಿಗೆ ಒಂಬತ್ತಾ?” ಮುದುಕಿ ನನ್ನನ್ನು ಕಾಲಿನಿಂದ ತಲೆಯವರೆಗೆ ನೋಡಿದಳು. ಅದಕ್ಕೆ ಸ್ವಲ್ಪ ಹೊತ್ತು ಹಿಡಿಯಿತು, ನಾನು ಆಗಲೇ ಬಾಗಿಲಿನಷ್ಟು ಎತ್ತರ ಇದ್ದೆ. “ಒಂಬತ್ತಕ್ಕೇ ಇಷ್ಟು ಎತ್ತರ ಅಂದ್ರೆ ಇಪ್ಪತ್ತಕ್ಕೆ ಇವಳನ್ನ ಎಲ್ಲಿ ನಿಲ್ಲಿಸೋದು? ನಮ್ಮ ಮನೆ ಸೂರು ತೆಗೀಬೇಕಾಯ್ತದೆ!”

“ಇಲ್ಲಮ್ಮೋ, ಆಣೆ! ನಾಲ್ಕಾಣೆ!” ಪಾಪಣ್ಣಮಾವ ಎದ್ದು ಕೂಗಿದ.

“ನಾಲ್ಕಲ್ಲ, ಎರಡಾಣೆ!” ಅಮ್ಮ ಒಳಗಿನಿಂದ ಕೂಗಿದಳು. ಗಂಡನ ಮಾನ ಉಳಿಸುವ ಆತುರದಲ್ಲಿ ಮಗಳ ಮದುವೆ ನೆನಪಿಗೆ ಬರಲಿಲ್ಲ!

ಒಂದೇ ಬೆಲ್ಲಕ್ಕೆ ಒಂದೇ ಮನೆಯಲ್ಲಿ ಮೂರು ಬೆಲೆ. ಯಲ್ಲಮ್ಮಜ್ಜಿ ಎದ್ದು ನಿಂತಳು. ರೈಲಿಗೆ ಹೋಗುತ್ತಾಳೆ ಅಂದುಕೊಂಡೆವು. ಅಲ್ಲ.

“ಬೆಲ್ಲ ತಂದಿದ್ದು ಯಾವ ಅಂಗಡಿಯಾಗೆ?”

“ಪೇಟೆ ಬೀದಿ ಶೆಟ್ಟರ ಅಂಗಡಿಯಾಗೆ” ಅಂದ ಅಪ್ಪ. ಅವನ ದನಿ ಬಾವಿಯೊಳಗಿಂದ ಬಂದ ಹಾಗಿತ್ತು.

“ನಡೀರಿ. ಅಲ್ಲೇ ಕೇಳಾಣ.”

ಮುದುಕಿ ಮುಂದೆ, ಮೊಮ್ಮಗ ಹಿಂದೆ, ಅವರ ಹಿಂದೆ ಅಪ್ಪ ಮತ್ತು ಪಾಪಣ್ಣಮಾವ ಮೆರವಣಿಗೆ ಹೊರಟರು. ನಾನು ಗೋಡೆಗೊರಗಿ ಕ್ಷಣಕಾಲ ಅತ್ತೆ. ಗಂಡಿಗಾಗಿ ಅಲ್ಲ. ಕೊಳಾಯಿ ಕಣ್ಣ ಮುಂದೆಯೇ ಒಣಗಿಹೋಗುತ್ತಿತ್ತು. ಹದಿನಾಲ್ಕು ಕೊಡ, ದಿನವೂ, ಸಾಯುವವರೆಗೂ! ಹಗ್ಗ ಬೇರೆ ಕೊಟ್ಟುಬಿಟ್ಟಿದ್ದೆ!

ಕಣ್ಣು ಒರೆಸಿಕೊಂಡೆ. ಹಿತ್ತಿಲ ಬಾಗಿಲು ತೆರೆದೆ. ನಮ್ಮ ಹಿತ್ತಿಲಿನಿಂದ ಪೇಟೆ ಬೀದಿಗೆ ಒಂದು ಸಂದಿ ಇತ್ತು. ದನ ಹೋಗುವ ಸಂದಿ. ಅಮ್ಮನ ಮದುವೆ ಸೀರೆಯನ್ನು ಮೊಣಕಾಲಿಗೆ ಎತ್ತಿ ಕಟ್ಟಿದೆ, ಮುಡಿಯಲ್ಲಿದ್ದ ಕನಕಾಂಬರ ಒಂದು ಕೈಯಲ್ಲಿ ಹಿಡಿದುಕೊಂಡೆ, ಓಡಿದೆ! ಎರಡು ಚರಂಡಿ ಹಾರಿದೆ. ಒಂದು ಹೋತ ಅಡ್ಡ ಬಂತು, ಅದನ್ನೂ ಹಾರಿದೆ.

ಶೆಟ್ಟರು ಗಲ್ಲಾಪೆಟ್ಟಿಗೆ ಮುಂದೆ ಕುಳಿತು ನೊಣ ಓಡಿಸುತ್ತಿದ್ದರು. ಏದುಸಿರು ಬಿಡುತ್ತಾ ಹೇಳಿದೆ.

“ಶೆಟ್ರೇ, ಈಗ ಒಬ್ಬ ಮುದುಕಿ ಬತ್ತಾಳೆ. ನಾನು ಉಟ್ಟಿದಾಗ ಬೆಲ್ಲ ಏನು ಬೆಲೆ ಅಂತ ಕೇಳ್ತಾಳೆ. ಸೇರಿಗೆ ನಾಲ್ಕಾಣೆ ಅಂದ್ಬಿಡಿ, ನಿಮ್ಮ ಕಾಲು ಇಡಿದ್ಕೊತೀನಿ!”

ಯಾಕೆ ಅನ್ನುವುದನ್ನು ಹೇಳಬೇಕಿತ್ತು. ಹೇಳಲಿಲ್ಲ. ಬೀದಿಯ ತಿರುವಿನಲ್ಲಿ ಯಲ್ಲಮ್ಮಜ್ಜಿಯ ಸೀರೆ ಕಂಡಿತು. ನಾನು ಗಬಕ್ಕನೆ ಬೆಲ್ಲದ ಮೂಟೆಗಳ ಹಿಂದೆ ಅಡಗಿದೆ.

ಈಗ ಶೆಟ್ಟರ ಜಾಗದಲ್ಲಿ ನಿಂತು ಯೋಚಿಸಿ. ಹುಡುಗಿಯೊಬ್ಬಳು ಓಡಿ ಬಂದು ‘ನೀವು ದುಬಾರಿಗೆ ಮಾರಿದ್ದಿರಿ ಅಂತ ಒಪ್ಪಿಕೊಳ್ಳಿ’ ಅಂತಾಳೆ. ಹಿಂದೆಯೇ ನಾಲ್ಕು ಜನ ಬಂದು ‘ಎಷ್ಟಕ್ಕೆ ಮಾರಿದ್ದಿರಿ?’ ಅಂತಾರೆ. ಅವರಿಗೆ ಇದು ಮದುವೆ ಮಾತು ಅಂತ ಹೇಗೆ ಗೊತ್ತಾಗಬೇಕು?

“ಶೆಟ್ರೇ, ಈ ಎಣ್ಣು ಉಟ್ಟಿದ ವರ್ಷ ನಿಮ್ಮ ಅಂಗಡಿ ಬೆಲ್ಲ ಎಷ್ಟಿತ್ತು?” ಮುದುಕಿ ಕೇಳಿದಳು.

“ಯಾವ ವರ್ಷ ಅಂತ ನೀವು ಹೇಳಿ ತಾಯಿ, ಬೆಲೆ ನಾನು ಹೇಳ್ತೀನಿ.”

“ಬೆಲೆ ನೀವು ಏಳಿ ಸ್ವಾಮಿ, ವರ್ಷ ನಾನು ಏಳ್ತೀನಿ.”

“ವರ್ಷ ಗೊತ್ತಿಲ್ಲದೆ ಬೆಲೆ ಹೇಗೆ ಹೇಳೋದು?”

“ಬೆಲೆ ಗೊತ್ತಿಲ್ದೆ ವರ್ಷ ಎಂಗೆ ಏಳೋದು?”

ಇದು ಹೀಗೇ ಸಾಯಂಕಾಲದವರೆಗೆ ನಡೆದಿದ್ದರೆ ನಾನು ಬಚಾವಾಗುತ್ತಿದ್ದೆ. ಆದರೆ ಪಾಪಣ್ಣಮಾವ ಬಾಯಿ ಹಾಕಿದ. “ನಾಲ್ಕಾಣೆ ಇತ್ತಲ್ವಾ ಶೆಟ್ರೇ?”

ಶೆಟ್ಟರು ಕೆಂಡವಾದರು.

“ಯಾರಯ್ಯ ಹಬ್ಬಿಸ್ತಿರೋದು ಈ ಮಾತು? ನಾಲ್ಕಾಣೆಗೆ ಮಾರೋಕೆ ನಾನೇನು ದರೋಡೆಗಾರನಾ? ಎರಡಾಣೆಗೂ ಮಾರಿಲ್ಲ. ಒಂದಾಣೆ! ಬೇಕಾದ್ರೆ ಇವನನ್ನೇ ಕೇಳಿ!” ಅಂತ ಅಪ್ಪನ ಕಡೆ ಬೆರಳು ತೋರಿಸಿದರು. “ಹೆಣ್ಣು ಮಗು ಆಯ್ತು ಅಂತ ಬಂದ. ಎರಡಾಣೆ ತಂದಿದ್ದ. ಒಂದಾಣೆಗೆ ಒಂದು ಸೇರು ಬೆಲ್ಲ ಕೊಟ್ಟೆ. ಇನ್ನೊಂದಾಣೆಗೆ ನನ್ನ ಕಣ್ಣೆದುರಿಗೇ ಬೀಡಿ ಕಟ್ಟು ತಗೊಂಡ. ಮನೇಲಿ ಕೇಳಿದರೆ ಬೆಲ್ಲ ಎರಡಾಣೆ ಅಂತ ಹೇಳಿ ಶೆಟ್ರೇ ಅಂದ!”

ಅಪ್ಪ ಆಗ ನೋಡಿದ್ದು ನೆಲವನ್ನಲ್ಲ, ನೆಲದೊಳಗೆ ಹೋಗಲು ದಾರಿಯನ್ನು. ಮೂಟೆಯ ಹಿಂದೆ ಕುಳಿತಿದ್ದ ನನಗೆ ನನ್ನ ಜಾತಕ ಅರ್ಥವಾಯಿತು. ಅರ್ಧ ಬೆಲ್ಲ, ಅರ್ಧ ಬೀಡಿ!

ಯಲ್ಲಮ್ಮಜ್ಜಿ ಬೆರಳು ಮಡಿಸಿ ತೆಲುಗಿನಲ್ಲಿ ಎಣಿಸುತ್ತಿದ್ದಳು. “ಎರಡಾಣೆಗೆ ಇಪ್ಪತ್ಮೂರು. ಅಂಗಾದ್ರೆ ಒಂದಾಣೆಗೆ... ಇಪ್ಪತ್ತೆಂಟು! ನನ್ನ ಮೊಮ್ಮಗನಿಗೆ ಎಣ್ಣು ತೋರಿಸ್ತಿದೀರೋ, ಅತ್ತೆ ತೋರಿಸ್ತಿದೀರೋ?”

ಎದುರಂಗಡಿಯ ನಾಯ್ಡು ಇದನ್ನೆಲ್ಲ ಕೇಳುತ್ತಿದ್ದ. ಅವನಿಗೂ ಶೆಟ್ಟರಿಗೂ ತಲೆತಲಾಂತರದ ಪೈಪೋಟಿ. ಶೆಟ್ಟರು ಒಂದಾಣೆಗೆ ಮಾರಿದೆ ಅಂದಮೇಲೆ ಅವನು ಸುಮ್ಮನಿರುತ್ತಾನೆಯೇ? ಪಂಚೆ ಎತ್ತಿ ಕಟ್ಟಿಕೊಂಡು ಬೀದಿ ದಾಟಿ ಬಂದ.

“ಒಂದಾಣೆಯಂತೆ, ಒಂದಾಣೆ! ಅದೇ ವರ್ಷ ನಮ್ಮ ಅಂಗಡಿಯಾಗೆ ಅರ್ಧಾಣೆ! ಊರೆಲ್ಲ ನಮ್ಮ ಬಾಗಲಾಗೇ ಇತ್ತು.”

“ನಲವತ್ತು!” ಅಂದಳು ಮುದುಕಿ.

“ಅರ್ಧಾಣೆಗೆ ನೀನು ಕೊಟ್ಟಿದ್ದು ಬೆಲ್ಲವಲ್ಲ, ಮಣ್ಣು!” ಶೆಟ್ಟರು ಗಲ್ಲಾಪೆಟ್ಟಿಗೆ ಬಿಟ್ಟು ಇಳಿದು ಬಂದರು. “ನಮ್ಮ ಅಂಗಡಿಯಲ್ಲಿ ಮೂರು ಕಾಸಿಗೂ ಕೊಟ್ಟಿದ್ದೀವಿ! ಮೂರೇ ಕಾಸು!”

ಯಲ್ಲಮ್ಮಜ್ಜಿಗೆ ಬೆರಳು ಸಾಲದೆ ಹೋಯಿತು. “ಮೂರು ಕಾಸಾ? ಅದು ನಾನು ಉಟ್ಟೋಕೆ ಮುಂಚೆ ಕಣ್ರೀ! ಅಂಗಾದ್ರೆ ಇವಳು ನನಗೆ ಅಕ್ಕ ಆಗ್ಬೇಕು. ಕಾಲಿಗೆ ಬಿದ್ದು ಓಗ್ತೀನಿ, ಎಲ್ಲವ್ಳೆ?”

ಸರಿಯಾಗಿ ಆಗಲೇ ಬೆಲ್ಲದ ಮೂಟೆಯ ಇರುವೆಗಳು ನನ್ನನ್ನು ಪತ್ತೆ ಹಚ್ಚಿದವು. ಮೊದಲು ಒಂದು ಬಂತು. ಆಮೇಲೆ ಅದು ನೆಂಟರನ್ನೆಲ್ಲ ಕರೆಯಿತು. ತಡೆದೆ. ಕೊಳಾಯಿಯನ್ನು ನೆನೆದು ತಡೆದೆ. ಬೇತಮಂಗಲದ ಕೆರೆಯನ್ನೇ ನೆನೆದು ತಡೆದೆ. ಕೊನೆಗೆ ಅವು ಮೊಣಕಾಲು ದಾಟಿದಾಗ “ಅಯ್ಯಯ್ಯಪ್ಪೋ!” ಅಂತ ಕಿರುಚಿ ಪೇಟೆ ಬೀದಿಯ ನಡುವೆ ಹಾರಿ ಬಿದ್ದೆ!

ಮೈಗೆಲ್ಲ ಬೆಲ್ಲ, ಬೆಲ್ಲಕ್ಕೆಲ್ಲ ಇರುವೆ, ಕೈಯಲ್ಲಿ ಕನಕಾಂಬರ. ಸೀರೆ ಕೊಡವುತ್ತಾ ಒಂದೇ ಕಾಲಿನಲ್ಲಿ ಕುಣಿಯುತ್ತಿದ್ದೆ. ಹೆಣ್ಣು ನೋಡುವ ಶಾಸ್ತ್ರ ಅಲ್ಲಿಗೆ ಸಂಪೂರ್ಣವಾಯಿತು!

ಎಲ್ಲರೂ ಮನೆಗೆ ವಾಪಸ್ಸು ಬಂದೆವು. ಗಂಡಿನವರ ಚೀಲ ನಮ್ಮ ಮನೆಯಲ್ಲೇ ಇತ್ತು, ಇಲ್ಲದಿದ್ದರೆ ಅವರು ಅಲ್ಲಿಂದಲೇ ಸ್ಟೇಷನ್ನಿಗೆ ಹೋಗಿರುತ್ತಿದ್ದರು. ಅಷ್ಟರಲ್ಲಿ ಬೀಡಿಯ ಸುದ್ದಿ ನಮಗಿಂತ ಮೊದಲೇ ಮನೆ ಸೇರಿತ್ತು. ಅಮ್ಮ ಬಾಗಿಲಲ್ಲೇ ನಿಂತಿದ್ದಳು. ಮಗಳ ಮದುವೆ ಏನಾಯಿತು ಅಂತ ಕೇಳಲೇ ಇಲ್ಲ.

“ಬೀಡಿಯಾ?” ಅಂದಳು ಅಪ್ಪನನ್ನು.

“ಅದು...”

“ಬಾಣಂತಿ ಖಾರದ ದುಡ್ಡಿನಾಗೆ ಬೀಡಿಯಾ? ಇಷ್ಟು ವರ್ಷ ಎರಡಾಣೆ, ಎರಡಾಣೆ ಅಂತ ಊರೆಲ್ಲ ಏಳ್ಕೊಂಡು ತಿರುಗಿದ್ನಲ್ಲೋ! ನನ್ನ ಮಗಳ ವಯಸ್ಸು ನಿನ್ನ ಬಾಯಾಗೆ ಒಗೆಯಾಗಿ ಓಯ್ತಲ್ಲೋ!”

“ಗಂಡು ಮಗುವಾಗಿದ್ರೆ ಎರಡು ಕಟ್ಟು ತಗೊಂತಿದ್ದೆ ಕಣೇ” ಅಂದ ಅಪ್ಪ. ಅದು ಸಮಾಧಾನದ ಮಾತು ಅಂತ ಅವನ ಭಾವನೆ.

ಅಮ್ಮ ಪೊರಕೆ ಹುಡುಕಿದಳು. ಆಗ ಒಂದು ವಿಚಿತ್ರ ನಡೆಯಿತು. ಚೀಲ ಎತ್ತಿಕೊಂಡಿದ್ದ ಯಲ್ಲಮ್ಮಜ್ಜಿ ಅದನ್ನು ಕೆಳಗಿಟ್ಟಳು. ಗೋಡೆಗೊರಗಿ ಕುಳಿತಳು. ಜಗಳವನ್ನು ಹಸಿದವರು ಊಟ ನೋಡುವ ಹಾಗೆ ನೋಡಿದಳು.

“ಇನ್ನೊಂದು ಲೋಟ ಕಾಫಿ ಕೊಡು ತಾಯಿ” ಅಂದಳು ಅಮ್ಮನಿಗೆ. “ನಿನ್ನ ಗಂಡನ್ನ ಬಯ್ಯೋದು ಆಮೇಲೂ ಆಯ್ತದೆ. ನಂಗೊಂದು ಅನುಮಾನ ಬಂತು. ಈ ಉಡ್ಗ ಉಟ್ಟಿದಾಗ ಬೆಲ್ಲ ತಂದೋನು ನಮ್ಮ ಯಜಮಾನ. ಎರಡಾಣೆ ಅಂದಿದ್ದೂ ಅವನೇ. ಅವನಿಗೆ ಬೀಡಿ ಚಟ ಇರ್ಲಿಲ್ಲ.” ಚೀಲವನ್ನು ಇನ್ನಷ್ಟು ಪಕ್ಕಕ್ಕೆ ತಳ್ಳಿದಳು. “ಸಾರಾಯಿ ಚಟ ಇತ್ತು.”

“ಅಂಗಾದ್ರೆ ನಿಮ್ಮುಡ್ಗನ ಎರಡಾಣೆಯಾಗೂ ಅರ್ಧ ಸಾರಾಯಿ!” ಪಾಪಣ್ಣಮಾವ ಜೀವ ಬಂದವನ ಹಾಗೆ ಎದ್ದ. “ಇವಳ ಬೆಲ್ಲ ಒಂದಾಣೆ, ಅವನದೂ ಒಂದಾಣೆ. ಸರಿಸಮ!”

“ಸುಮ್ಕಿರ್ಲಾ ಪೋರ್ಟರು” ಅಂದಳು ಮುದುಕಿ. “ಗಂಡಸರು ತಂದ ಬೆಲೆಯಾಗೆ ಮಕ್ಕಳ ವಯಸ್ಸು ಎಣಿಸ್ತಾ ಕುಂತಿದೀವಲ್ಲ, ನಮಗೆ ಬುದ್ಧಿ ಇಲ್ಲ.”

ಅಷ್ಟರವರೆಗೆ ಮೂಲೆಯಲ್ಲಿ ಕುಳಿತಿದ್ದ ಆಂಜನಪ್ಪನವರು ಆವತ್ತಿನ ಎರಡನೇ ಮಾತು ಆಡಿದರು. ನನ್ನ ಕಡೆ ನೋಡದೆ, ಗೋಡೆಗೆ ಹೇಳಿದ ಹಾಗೆ ಹೇಳಿದರು.

“ಅಜ್ಜಿ, ನಾವು ಒರಟಾಗ ಇವಳು ಮನೆಯಾಗಿದ್ಲು. ನಾವು ಅಂಗಡಿಗೆ ಓಗೋ ಒತ್ತಿಗೆ ಬೆಲ್ಲದ ಮೂಟೆ ಇಂದೆ ಇದ್ಲು. ಸೀರೆ ಉಟ್ಕೊಂಡು ಅಷ್ಟು ಜೋರಾಗಿ ಓಡೋರ್ನ ನಾನು ನೋಡಿಲ್ಲ. ಆ ಗಂಟಲೂ ಕೇಳ್ದೆ. ನಮ್ಮ ಸಾಲುಮನೆ ಲೈನಿನ ಕೊಳಾಯಿಗೆ ಇಂಥೋಳೇ ಸರಿ.”

ಮುದುಕಿಯ ಕಣ್ಣು ಹೊಳೆಯಿತು. “ಔದಲ್ಲೋ! ಆ ಮೂರನೇ ಮನೆಯೋಳು ನಾಲ್ಕು ಗಂಟೆಗೇ ಬಂದು ಕೊಡ ಇಡ್ತಾಳೆ. ಇವಳು ಓಡಿದ್ರೆ ಅವಳಿಗಿಂತ ಮುಂದೆ ಓಯ್ತಾಳೆ. ಕಿರುಚಿದ್ರೆ ಅವಳೇ ಇಂದೆ ಸರೀತಾಳೆ!”

ಎಲ್ಲರ ಮುಖದಲ್ಲೂ ಕಳೆ ಬಂತು. ಅಪ್ಪ ಧೈರ್ಯವಾಗಿ ಕತ್ತೆತ್ತಿದ. ಆದರೆ ನನ್ನ ಕಿವಿಯಲ್ಲಿ ಒಂದು ಮಾತು ಸಿಕ್ಕಿಕೊಂಡಿತ್ತು. ಹೆಣ್ಣು ನೋಡಲು ಬಂದಾಗ ಹೆಣ್ಣು ಪ್ರಶ್ನೆ ಕೇಳಬಾರದು. ಕೇಳಿಯೇಬಿಟ್ಟೆ.

“ಕೊಳಾಯಿ ಮನೆಯೊಳಗಿಲ್ವಾ?”

ಪಾಪಣ್ಣಮಾವ ಸೂರು ನೋಡಿದ.

ಯಲ್ಲಮ್ಮಜ್ಜಿ ಹೊಟ್ಟೆ ಹಿಡಿದುಕೊಂಡು ನಕ್ಕಳು. “ಮನೆಯೊಳಗಾ? ಸಾಲಿಗೆಲ್ಲ ಒಂದೇ ಕೊಳಾಯಿ ಕಣಮ್ಮಾ, ಆ ತುದಿಯಾಗೆ. ನಮ್ಮ ಮನೆ ಈ ತುದಿ. ಬೆಳಗಿನ ಜಾವ ಒಂದು ಗಂಟೆ ಬತ್ತದೆ, ಬಂದ್ರೆ. ಮನೆಯೊಳಗೆ ಕೊಳಾಯಿ ಇದ್ದಿದ್ರೆ ನಾನು ಮೊಮ್ಮಗನಿಗೆ ಎಣ್ಣು ನೋಡೋಕೆ ಯಾಕೆ ಬತ್ತಿದ್ದೆ?”

ನನ್ನ ಕೊಳಾಯಿ ಸಂಸಾರ ಅಲ್ಲಿಗೆ ಮುಗಿಯಿತು. ನನ್ನ ಸಂಸಾರ ಶುರುವಾಯಿತು.

ತಾಂಬೂಲ ಬದಲಾಯಿಸಿಕೊಂಡರು. ಲಗ್ನಪತ್ರಿಕೆಗೆ ಹೆಣ್ಣಿನ ವಯಸ್ಸು ಏನೆಂದು ಬರೆಸುವುದು ಅಂತ ಅಪ್ಪ ಹೆದರಿ ಹೆದರಿ ಕೇಳಿದ. “ಅದಿನೆಂಟು. ಬೆಲ್ಲ ನಾಲ್ಕಾಣೆ. ಇನ್ನು ಯಾರಾದ್ರೂ ಬಾಯಿ ಬಿಟ್ರೆ ನೋಡಿ!” ಅಂದಳು ಮುದುಕಿ. ಕೊನೆಯ ಎರಡು ಮಾತು ತಮಿಳಿನಲ್ಲಿ ಬಂದವು, ಬರೆಯುವ ಹಾಗಿಲ್ಲ. ಆಮೇಲೆ ರೇಷನ್ ಕಾರ್ಡು, ವೋಟರ್ ಕಾರ್ಡು, ಆಧಾರ್ ಕಾರ್ಡು ಎಲ್ಲದರಲ್ಲೂ ನಡೆದುಕೊಂಡು ಬಂದದ್ದು ಅದೇ ವಯಸ್ಸು. ಸರ್ಕಾರ ನಂಬಿರುವುದು ಯಲ್ಲಮ್ಮಜ್ಜಿಯ ಬೆಲ್ಲವನ್ನು. ಮೊಮ್ಮಗಳಿಗೂ ಅದನ್ನೇ ಹೇಳಿದ್ದೇನೆ. “ನಾಲ್ಕಾಣೆ ಅಂತ ಬರ್ಕೊ. ನಯಾಪೈಸೆಗೆ ಮಾತ್ರ ತಿರುಗಿಸಬೇಡ!”

ಆರು ಗಂಟೆ ರೈಲಿಗೆ ಅವರು ಹೊರಟರು. ಮದುವೆಗೆ ಇನ್ನೂ ಮೂರು ತಿಂಗಳಿತ್ತು.

ಮಾರನೆಯ ಬೆಳಿಗ್ಗೆ ಮನೆಯಲ್ಲಿ ಒಂದು ಹನಿ ನೀರಿರಲಿಲ್ಲ. ಕೊಡ ಸೊಂಟಕ್ಕಿಟ್ಟುಕೊಂಡು ನರಸಮ್ಮನ ಮನೆಗೆ ಹೋದೆ. ನನ್ನ ಹಗ್ಗದ ಒಂದು ತುದಿ ಅವಳ ಹಿತ್ತಿಲ ಗೂಟದಲ್ಲಿತ್ತು. ಇನ್ನೊಂದು ತುದಿ ಎಮ್ಮೆಯ ಕೊರಳಿನಲ್ಲಿತ್ತು. ಎಮ್ಮೆ ನನ್ನನ್ನು ನೋಡಿತು.

“ಏನೇ, ಕೊಳಾಯಿ ಓಯ್ತಾ?” ಅಂದಳು ನರಸಮ್ಮ.

“ಅಗ್ಗ ಕೊಡಕ್ಕ.”

ಅವಳು ಎಮ್ಮೆಯನ್ನು ಬೇರೆ ಹಗ್ಗಕ್ಕೆ ಕಟ್ಟುವವರೆಗೆ ನಾನು ಅದರ ಕೊಂಬು ಹಿಡಿದುಕೊಂಡು ನಿಂತಿದ್ದೆ. ಸುಮ್ಮನೆ ನಿಲ್ಲಲಾರದೆ ಕೇಳಿದೆ, “ಇದಕ್ಕೆ ಎಷ್ಟು ವಯಸ್ಸಕ್ಕ?”

“ಬರೋ ಉಗಾದಿಗೆ ಏಳು ತುಂಬ್ತದೆ” ಅಂದಳು. ಬೆರಳು ಮಡಿಸಲಿಲ್ಲ, ಬೆಲೆ ಕೇಳಲಿಲ್ಲ, ಒಂದು ಕ್ಷಣ ಯೋಚಿಸಲೂ ಇಲ್ಲ.

ನಾನು ಹಗ್ಗ ಹೆಗಲಿಗೆ ಹಾಕಿಕೊಂಡು ಬಾವಿಗೆ ಹೋದೆ. ಹದಿನಾಲ್ಕು ಕೊಡ ಸೇದಿದೆ. ಎಲ್ಲದರಲ್ಲೂ ಎಮ್ಮೆಯ ವಾಸನೆ ಇತ್ತು.